ಬಟ್ಟೆಯಲ್ಲಿ ಮುಚ್ಚಿಟ್ಟ ಬೆಂಕಿ: ಕರ್ಣನಿಗೆ ತನ್ನ ಹುಟ್ಟು ಏಕೆ ಗೊತ್ತಿರಲಿಲ್ಲ?

ಹಸ್ತಿನಾವತಿಯ ಜೂಜಿನ ಸಭೆ. ಧರ್ಮರಾಯ ಎಲ್ಲವನ್ನೂ ಸೋತು ಕುಳಿತಿದ್ದಾನೆ. ಎದುರಿಗೆ ಕರ್ಣ ಕಟುವಾದ ಮಾತುಗಳನ್ನು ಆಡುತ್ತಿದ್ದಾನೆ. ಮೈಯೆಲ್ಲ ಉರಿಯಬೇಕಾದ ಹೊತ್ತು. ಆಗ ಧರ್ಮರಾಯನ ಕಣ್ಣು ಕರ್ಣನ ಪಾದಗಳ ಮೇಲೆ ಬೀಳುತ್ತದೆ. ನೋಡುತ್ತಿದ್ದಂತೆ ಸಿಟ್ಟು ತಾನಾಗಿಯೇ ಇಳಿದುಹೋಗುತ್ತದೆ. ಆ ಪಾದಗಳು ತಾಯಿ ಕುಂತಿಯ ಪಾದಗಳನ್ನೇ ಹೋಲುತ್ತವೆ. ಹೋಲಿಕೆ ಏಕೆ ಎಂದು ಎಷ್ಟು ಯೋಚಿಸಿದರೂ ಅವನಿಗೆ ಕಾರಣ ಸಿಗುವುದಿಲ್ಲ.

ಈ ಸಂಗತಿಯನ್ನು ವ್ಯಾಸಭಾರತದಲ್ಲಿ ಧರ್ಮರಾಯ ಹೇಳುವುದು ಯುದ್ಧವೆಲ್ಲ ಮುಗಿದು, ಕರ್ಣ ಸತ್ತ ಮೇಲೆ, ಶಾಂತಿಪರ್ವದ ಆರಂಭದಲ್ಲಿ. ಸತ್ಯ ಅಷ್ಟು ಹತ್ತಿರ ಬಂದಿತ್ತು, ಕಣ್ಣಿಗೂ ಬಿದ್ದಿತ್ತು. ಅದನ್ನು ಬಿಡಿಸಿ ಹೇಳುವವರು ಮಾತ್ರ ಇರಲಿಲ್ಲ.

ಕರ್ಣ ಮತ್ತು ಕೃಷ್ಣರ ಸಂಭಾಷಣೆಯ ಕುಮಾರವ್ಯಾಸನ ಪದ್ಯಗಳನ್ನು ಹತ್ತನೆಯ ತರಗತಿಯಲ್ಲಿ ಓದಿದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಜನ ಇದ್ದಾರೆ. ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಪಕ್ಕ ಕುಳಿತು ಆ ಪದ್ಯಗಳ ಅರ್ಥ ಹೇಳಿಕೊಡುವ ತಂದೆತಾಯಿಗಳಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ನನಗೂ ಎದುರಾಗಿದೆ. ಇಷ್ಟೊಂದು ಜನರಿಗೆ ಗೊತ್ತಿದ್ದ ಸಂಗತಿಯನ್ನು ಕರ್ಣನಿಗೆ ಯಾರೂ ಏಕೆ ಹೇಳಲಿಲ್ಲ? ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ಉತ್ತರ ಹುಡುಕಲು ಹೊರಟರೆ, ಸುತ್ತಲಿನವರು ಒಬ್ಬನನ್ನು ಕತ್ತಲಲ್ಲಿಟ್ಟು ನಡೆಸುವ ಕಥೆಗಳು ಹೇಗೆ ಕಟ್ಟಿಕೊಂಡಿವೆ ಎಂಬುದನ್ನೇ ಬಿಚ್ಚಿ ನೋಡಬೇಕಾಗುತ್ತದೆ.

ಮೊದಲು ಎರಡು ಪದಗಳು

ಮಕ್ಕಳ ಕಣ್ಣಾಮುಚ್ಚಾಲೆಯನ್ನು ನೆನೆಯಿರಿ. ಒಂದು ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಯಾರು ಎಲ್ಲಿದ್ದಾರೆ ಎಂಬುದು ಸುತ್ತ ನಿಂತವರಿಗೆಲ್ಲ ಕಾಣುತ್ತದೆ. ಆ ಮಗು ಕಂಬವನ್ನು ಗೆಳೆಯನೆಂದು ತಿಳಿದು ಅಪ್ಪಿಕೊಂಡಾಗ ನೋಡುವವರ ಎದೆಯಲ್ಲಿ ಏನೋ ಒಂದು ಎಳೆದಂತಾಗುತ್ತದೆ. ಕಥೆಯಲ್ಲಿ ಓದುಗನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದಾಗ ಹುಟ್ಟುವ ಸೆಳೆತ ಇದೇ. ವಿಮರ್ಶೆಯಲ್ಲಿ ಇದನ್ನು ನಾಟಕೀಯ ವ್ಯಂಗ್ಯ ಎನ್ನುತ್ತಾರೆ. ವ್ಯಂಗ್ಯ ಎಂದೊಡನೆ ಚುಚ್ಚುಮಾತು ಎಂದುಕೊಳ್ಳಬಾರದು. ಇಲ್ಲಿ ಅದರ ಅರ್ಥ ಬೇರೆ: ಆಡಿದ ಮಾತು ಆಡಿದವನಿಗೆ ಒಂದು ಅರ್ಥ ಕೊಟ್ಟರೆ ಕೇಳುವ ನಮಗೆ ಇನ್ನೊಂದನ್ನು ಕೊಡುತ್ತದೆ.

ಆಟಕ್ಕೂ ಕಥೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ತನ್ನ ಕಣ್ಣಿಗೆ ಬಟ್ಟೆ ಕಟ್ಟಿದೆ ಎಂಬುದು ಆ ಮಗುವಿಗೆ ಗೊತ್ತು. ಕರ್ಣನಂಥವರಿಗೆ ಅದೂ ಗೊತ್ತಿರುವುದಿಲ್ಲ. ತಾವು ಕಾಣುತ್ತಿರುವುದೇ ಪೂರ್ಣ ಜಗತ್ತು ಎಂದು ನಂಬಿ ಅವರು ಪ್ರೀತಿಸುತ್ತಾರೆ, ದ್ವೇಷಿಸುತ್ತಾರೆ, ಪ್ರತಿಜ್ಞೆ ಮಾಡುತ್ತಾರೆ.

ಎರಡನೆಯ ಪದ ಅಭಿಜ್ಞಾನ. ಎಂದರೆ ಗುರುತು ಹಿಡಿಯುವುದು, ಅಥವಾ ಗುರುತಿಗೆ ಕಾರಣವಾಗುವ ವಸ್ತು. ಕಾಳಿದಾಸ ತನ್ನ ‘ಅಭಿಜ್ಞಾನ ಶಾಕುಂತಲ’ ನಾಟಕದ ಹೆಸರಿನಲ್ಲೇ ಈ ಪದವನ್ನು ಇಟ್ಟಿದ್ದಾನೆ. ಗ್ರೀಸಿನ ಅರಿಸ್ಟಾಟಲ್ ಕೂಡ ರುದ್ರನಾಟಕಗಳನ್ನು ಕುರಿತು ಬರೆಯುವಾಗ ಇದೇ ಬಗೆಯ ಮಾತನ್ನು ಹೇಳಿದ. ಅಜ್ಞಾನದಿಂದ ಜ್ಞಾನಕ್ಕೆ ತಿರುಗುವ ಗಳಿಗೆಯೂ ಬಾಳು ಬುಡಮೇಲಾಗುವ ಗಳಿಗೆಯೂ ಒಂದೇ ಆದರೆ ಅದು ಶ್ರೇಷ್ಠವಾದ ಕಟ್ಟು ಎಂದು ಅವನ ಅಭಿಪ್ರಾಯ. ಅವನು ಕೊಟ್ಟ ಉದಾಹರಣೆ ಸಾಫೋಕ್ಲೀಸನ ಈಡಿಪಸ್. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯೆ ಎಂಬ ದೈವವಾಣಿಗೆ ಹೆದರಿದ ಈಡಿಪಸ್, ತನ್ನನ್ನು ಸಾಕಿದವರನ್ನೇ ಹೆತ್ತವರೆಂದು ತಿಳಿದು ಅವರ ಊರಾದ ಕಾರಿಂತ್‌ಗೆ ಮರಳುವುದೇ ಇಲ್ಲ. ಆ ಭಯವನ್ನು ಹೋಗಲಾಡಿಸಲೆಂದು ಕಾರಿಂತ್‌ನಿಂದ ಬಂದ ದೂತ, ‘ನೀನು ಅವರ ಮಗನೇ ಅಲ್ಲವಲ್ಲ’ ಎಂದು ಸಮಾಧಾನ ಹೇಳುತ್ತಾನೆ. ಸಮಾಧಾನದ ಆ ಮಾತಿನಿಂದಲೇ ಎಲ್ಲವೂ ಕುಸಿಯತೊಡಗುತ್ತದೆ.

ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ

ಕರ್ಣನ ಕಥೆ ಎಲ್ಲರಿಗೂ ಗೊತ್ತು. ಆದರೂ ಗುಟ್ಟು ಎಲ್ಲೆಲ್ಲಿ ಇತ್ತು ಎಂಬುದನ್ನು ಒಮ್ಮೆ ಕ್ರಮವಾಗಿ ನೋಡೋಣ.

ಕುಂತಿ ಇನ್ನೂ ಮದುವೆಯಾಗದ ಹುಡುಗಿ. ಮನೆಗೆ ಬಂದ ದುರ್ವಾಸರ ಸೇವೆ ಮಾಡಿದ್ದಕ್ಕೆ ಒಂದು ಮಂತ್ರ ದೊರೆಯಿತು. ಫಲಿಸುತ್ತದೆಯೋ ಇಲ್ಲವೋ ನೋಡೋಣ ಎಂಬ ಕುತೂಹಲದಲ್ಲಿ ಸೂರ್ಯನನ್ನು ಕರೆದಳು. ಕವಚಕುಂಡಲಗಳೊಡನೆ ಮಗು ಹುಟ್ಟಿತು. ಲೋಕಾಪವಾದಕ್ಕೆ ಅಂಜಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳು. ಪೆಟ್ಟಿಗೆ ಅಶ್ವನದಿಯಿಂದ ಚರ್ಮಣ್ವತಿಗೆ, ಅಲ್ಲಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ ತೇಲಿಹೋಗಿ ಸೂತನಾದ ಅಧಿರಥನ ಕೈಗೆ ಸಿಕ್ಕಿತು. ಅವನ ಹೆಂಡತಿ ರಾಧೆ ಮಗುವನ್ನು ಎದೆಗೆ ಅವಚಿಕೊಂಡಳು. ಸೂತರೆಂದರೆ ರಥ ನಡೆಸುವ ಮತ್ತು ರಾಜರ ಸ್ತುತಿ ಹಾಡುವ ವೃತ್ತಿಯವರು. ಆ ಕಾಲದ ಶ್ರೇಣಿಯಲ್ಲಿ ಕ್ಷತ್ರಿಯರಿಗಿಂತ ಕೆಳಗಿನವರೆಂದು ಅವರನ್ನು ಎಣಿಸುತ್ತಿದ್ದರು.

ಗುಟ್ಟು ಬಲ್ಲವರ ಸಾಲಿನಲ್ಲಿ ಕುಂತಿ ಮೊದಲಿಗಳು. ಕೃಷ್ಣನಿಗೆ ಗೊತ್ತು. ವ್ಯಾಸರಿಗೆ ಗೊತ್ತು, ನಾರದರಿಗೆ ಗೊತ್ತು. ಸಭೆಯಲ್ಲಿ ಕರ್ಣನನ್ನು ಹೀಯಾಳಿಸುತ್ತ ಬಂದ ಭೀಷ್ಮರಿಗೂ ಗೊತ್ತಿತ್ತು. ಶರಶಯ್ಯೆಯ ಮೇಲೆ ಮಲಗಿದ್ದಾಗ ಒಬ್ಬನೇ ಬಂದ ಕರ್ಣನಿಗೆ ಅವರು, ‘ನೀನು ರಾಧೆಯ ಮಗನಲ್ಲ, ಕುಂತಿಯ ಮಗನೆಂದು ನಾರದರಿಂದ ಬಲ್ಲೆ’ ಎನ್ನುತ್ತಾರೆ. ಆ ಮಾತನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಗೊತ್ತಿದ್ದವರು ಇಷ್ಟು ದಿನ ಹಾಗೆ ಮಾತನಾಡಬಹುದಾಗಿತ್ತೇ?

ಗೊತ್ತಿಲ್ಲದವರು ಐವರು ಪಾಂಡವರು. ವ್ಯಾಸರ ಕಥೆಯಲ್ಲಿ ದುರ್ಯೋಧನನಿಗೂ ಗೊತ್ತಿಲ್ಲ. ಕರ್ಣನ ಮಾತಿಗೆ ಮುಂದೆ ಬರುತ್ತೇನೆ. ಅಲ್ಲಿ ಒಂದು ಅಚ್ಚರಿ ಇದೆ.

ಬಾಯಿ ತೆರೆಯಬಹುದಾಗಿದ್ದ ದಿನ

ಇಂಥ ಕಥೆಗಳಲ್ಲಿ ಸತ್ಯ ಹೊರಬರಬಹುದಾಗಿದ್ದ ಒಂದು ದಿನ ಇದ್ದೇ ಇರುತ್ತದೆ. ಅದು ಕೈತಪ್ಪುವುದನ್ನು ಕವಿ ನಮಗೆ ತೋರಿಸಿಯೇ ತೋರಿಸುತ್ತಾನೆ. ಕರ್ಣನ ಕಥೆಯಲ್ಲಿ ಅದು ರಾಜಕುಮಾರರ ಶಸ್ತ್ರವಿದ್ಯಾ ಪ್ರದರ್ಶನದ ದಿನ.

ಅರ್ಜುನನ ಕೈಚಳಕಕ್ಕೆ ಜನ ಜಯಕಾರ ಹಾಕುತ್ತಿರುವಾಗ ಕರ್ಣ ರಂಗಕ್ಕೆ ಬರುತ್ತಾನೆ. ಅವನು ಮಾಡಿದ್ದನ್ನೆಲ್ಲ ತಾನೂ ಮಾಡಿ ತೋರಿಸಿ ದ್ವಂದ್ವಕ್ಕೆ ಕರೆಯುತ್ತಾನೆ. ಮೇಲೆ ಕುಳಿತು ನೋಡುತ್ತಿದ್ದ ಕುಂತಿಗೆ ಕವಚಕುಂಡಲಗಳ ಗುರುತು ಸಿಕ್ಕಿ ಮೂರ್ಛೆ ಹೋಗುತ್ತಾಳೆ. ವಿದುರ ದಾಸಿಯರಿಂದ ಗಂಧದ ನೀರು ಚಿಮುಕಿಸಿ ಎಚ್ಚರಿಸುತ್ತಾನೆ. ಎಚ್ಚರಾದವಳು ಇಬ್ಬರು ಮಕ್ಕಳೂ ಎದುರೆದುರು ನಿಂತಿರುವುದನ್ನು ನೋಡುತ್ತಾಳೆ, ಒಳಗೊಳಗೇ ಬೇಯುತ್ತಾಳೆ, ಏನೂ ಹೇಳುವುದಿಲ್ಲ.

ಕೆಳಗೆ ಕೃಪಾಚಾರ್ಯರು ಕರ್ಣನ ತಂದೆತಾಯಿ ಯಾರು, ಕುಲ ಯಾವುದು ಎಂದು ಕೇಳುತ್ತಾರೆ. ಕರ್ಣನ ತಲೆ ತಗ್ಗುತ್ತದೆ. ದುರ್ಯೋಧನ ಆ ಕ್ಷಣವೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ಆಗ ಮುದುಕ ಅಧಿರಥ ಕೋಲೂರಿಕೊಂಡು ನಡುಗುತ್ತ ಬರುತ್ತಾನೆ. ಕರ್ಣ ಬಿಲ್ಲನ್ನು ಕೆಳಗಿಟ್ಟು, ಅಭಿಷೇಕದ ನೀರಿನಿಂದ ಇನ್ನೂ ಒದ್ದೆಯಾಗಿರುವ ತಲೆಯನ್ನು ಅವನ ಪಾದಕ್ಕೆ ಮುಟ್ಟಿಸುತ್ತಾನೆ. ಅಧಿರಥ ತಬ್ಬಿಕೊಂಡು ಆ ಒದ್ದೆ ತಲೆಯನ್ನು ಕಣ್ಣೀರಿನಿಂದ ಮತ್ತೊಮ್ಮೆ ತೋಯಿಸುತ್ತಾನೆ. ಭೀಮ ಇದನ್ನು ಕಂಡು, ‘ಸೂತನ ಮಗನೇ, ಕೈಗೆ ಚಾವಟಿ ತೆಗೆದುಕೋ’ ಎಂದು ಅಣಕಿಸುತ್ತಾನೆ. ಅಣಕಿಸುತ್ತಿರುವುದು ಸ್ವಂತ ಅಣ್ಣನನ್ನು.

ಅದಕ್ಕೆ ದುರ್ಯೋಧನ ಕೊಡುವ ಉತ್ತರದಲ್ಲಿ ಒಂದು ಮಾತಿದೆ: ಕವಚಕುಂಡಲ ಹೊತ್ತು ಹುಟ್ಟಿದ, ಸೂರ್ಯನಂತೆ ಹೊಳೆಯುವ ಇಂಥ ಹುಲಿಯನ್ನು ಜಿಂಕೆ ಹೆರಲು ಸಾಧ್ಯವೇ? ಅರಿಯದೆಯೇ ಅವನು ಸತ್ಯದ ಬಾಗಿಲು ತಟ್ಟಿದ್ದಾನೆ. ಸೂರ್ಯನ ಹೆಸರನ್ನೂ ಎತ್ತಿದ್ದಾನೆ. ನಾಟಕೀಯ ವ್ಯಂಗ್ಯ ಎಂದರೇನು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಸಿಕ್ಕಿಲ್ಲ. ಅಷ್ಟರಲ್ಲಿ ಸೂರ್ಯ ಮುಳುಗುತ್ತಾನೆ. ಎಲ್ಲರೂ ಮನೆಗೆ ಹೋಗುತ್ತಾರೆ.

ಮುಚ್ಚಿಡುವವರು ಏಕೆ ಮುಚ್ಚಿಡುತ್ತಾರೆ

ಕುಂತಿಯದು ಭಯ. ಅದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಕನ್ಯೆಯಾಗಿ ಹೆತ್ತವಳಿಗೆ ಇಂದಿಗೂ ನಮ್ಮ ಊರುಗಳಲ್ಲಿ ಸಿಗುವ ಮರ್ಯಾದೆ ಎಂಥದ್ದೆಂದು ಗೊತ್ತಿರುವವರು ಅವಳ ಮೇಲೆ ಬೇಗನೆ ಕಲ್ಲು ಎತ್ತಲಾರರು. ಭಯದ ಗುಟ್ಟಿಗೆ ಒಂದು ಗುಣವಿದೆ. ಅದು ದಿನ ಕಳೆದಂತೆ ಭಾರವಾಗುತ್ತದೆ. ಮೊದಲ ದಿನ ಹೇಳಬೇಕಾಗಿದ್ದದ್ದು ‘ನನಗೊಂದು ಮಗು ಹುಟ್ಟಿದೆ’ ಎಂದಷ್ಟೇ. ಇಪ್ಪತ್ತು ವರ್ಷ ಕಳೆದ ಮೇಲೆ ‘ಇಷ್ಟು ದಿನ ಹೇಳಲಿಲ್ಲ’ ಎಂಬುದನ್ನೂ ಹೇಳಬೇಕು. ಸಾಲಕ್ಕೆ ಬಡ್ಡಿ ಬೆಳೆದಂತೆ ಮೌನಕ್ಕೂ ಬಡ್ಡಿ ಬೆಳೆಯುತ್ತದೆ.

ಇನ್ನು ಪ್ರೀತಿ. ನಮ್ಮ ಮನೆಗಳಲ್ಲಿ ಇದು ದಿನನಿತ್ಯದ ಸಂಗತಿ. ಅಜ್ಜನಿಗೆ ದೊಡ್ಡ ಕಾಯಿಲೆ ಎಂದು ವೈದ್ಯರು ಹೇಳಿರುತ್ತಾರೆ. ಅಜ್ಜನಿಗೆ ಮಾತ್ರ ‘ಸ್ವಲ್ಪ ಗ್ಯಾಸ್ಟ್ರಿಕ್, ಅಷ್ಟೇ’ ಎನ್ನುತ್ತೇವೆ. ವರದಿಯ ಕಾಗದವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತೇವೆ. ಕಾಳಿದಾಸನ ನಾಟಕದ ನಾಲ್ಕನೆಯ ಅಂಕದಲ್ಲಿ ನಡೆಯುವುದೂ ಇದೇ. ದುಷ್ಯಂತನ ಯೋಚನೆಯಲ್ಲಿ ಮೈಮರೆತ ಶಕುಂತಳೆ ಬಾಗಿಲಿಗೆ ಬಂದ ದುರ್ವಾಸರನ್ನು ಗಮನಿಸುವುದಿಲ್ಲ. ನೀನು ನೆನೆಯುತ್ತಿರುವವನು ನಿನ್ನನ್ನು ಮರೆಯಲಿ ಎಂದು ಅವರು ಶಪಿಸುತ್ತಾರೆ. ಕುಂತಿಗೆ ಮಂತ್ರ ಕೊಟ್ಟವರೂ ಇದೇ ದುರ್ವಾಸರು ಎಂಬುದು ಗಮನಿಸಬೇಕಾದ ಸಂಗತಿ. ಶಾಪ ಶಕುಂತಳೆಯ ಕಿವಿಗೆ ಬೀಳುವುದಿಲ್ಲ, ಗೆಳತಿಯರಾದ ಅನಸೂಯೆ ಮತ್ತು ಪ್ರಿಯಂವದೆಯರಿಗೆ ಕೇಳಿಸುತ್ತದೆ. ಇದು ನಮ್ಮಿಬ್ಬರಲ್ಲೇ ಇರಲಿ, ಅವಳು ಮೃದು ಸ್ವಭಾವದವಳು ಎಂದು ಅನಸೂಯೆ ಹೇಳುತ್ತಾಳೆ. ನವಮಾಲಿಕೆಯ ಬಳ್ಳಿಗೆ ಬಿಸಿನೀರು ಯಾರಾದರೂ ಎರೆಯುತ್ತಾರೆಯೇ ಎನ್ನುತ್ತಾಳೆ ಪ್ರಿಯಂವದೆ.

ಎಂಥ ಕಾಳಜಿಯ ಮಾತು! ಆದರೆ ಅದರ ಬೆಲೆ ನೋಡಿ. ಶಾಪ ಕಳೆಯಲು ಗುರುತಿನ ಆಭರಣ ತೋರಿಸಬೇಕು, ಎಂದರೆ ಉಂಗುರ ಕೈಯಲ್ಲಿರಲೇಬೇಕು. ಶಕುಂತಳೆಯ ಪಾಲಿಗೆ ಆ ಉಂಗುರ ಗಂಡನ ನೆನಪು ಮಾತ್ರ. ತನ್ನ ಬಾಳೇ ಅದರ ಮೇಲೆ ನಿಂತಿದೆ ಎಂದು ತಿಳಿದಿದ್ದರೆ ಅದನ್ನು ಎಷ್ಟು ಜೋಪಾನ ಮಾಡುತ್ತಿದ್ದಳೋ. ಬೀಳ್ಕೊಡುವಾಗ ಗೆಳತಿಯರು, ರಾಜ ಗುರುತಿಸಲು ತಡಮಾಡಿದರೆ ಉಂಗುರ ತೋರಿಸು ಎನ್ನುತ್ತಾರೆ. ನಿಮ್ಮ ಈ ಸಂಶಯದಿಂದ ನನಗೆ ನಡುಕ ಬರುತ್ತಿದೆ ಎಂದು ಶಕುಂತಳೆ ಅಂಜುತ್ತಾಳೆ. ಹೆದರಬೇಡ, ಪ್ರೀತಿ ಇದ್ದಲ್ಲಿ ಹೀಗೆಲ್ಲ ಅನುಮಾನ ಬರುತ್ತದೆ ಎಂದು ಅವರು ತೇಲಿಸಿಬಿಡುತ್ತಾರೆ. ದಾರಿಯಲ್ಲಿ ಉಂಗುರ ನೀರಿಗೆ ಜಾರುತ್ತದೆ. ಆಸ್ಥಾನದಲ್ಲಿ ಅವಳು ಬರಿಗೈಯಲ್ಲಿ ನಿಲ್ಲುತ್ತಾಳೆ, ಏಕೆ ಹೀಗಾಯಿತೆಂದು ತಿಳಿಯದೆ.

ಶುದ್ಧೋದನ ಮಹಾರಾಜ ಸಿದ್ಧಾರ್ಥನಿಗೆ ಮುಪ್ಪು, ರೋಗ, ಸಾವುಗಳು ಕಾಣದಂತೆ ಅರಮನೆ ಕಟ್ಟಿದ ಕಥೆಯಲ್ಲಿ ಪ್ರೀತಿಯೂ ಇದೆ, ಮಗ ಸಂನ್ಯಾಸಿಯಾಗದೆ ರಾಜನಾಗಲಿ ಎಂಬ ಲೆಕ್ಕವೂ ಇದೆ. ಪ್ರೀತಿ ಮತ್ತು ಲೆಕ್ಕ ಹೀಗೆ ಬೆರೆತಾಗ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಬರಿಯ ಲಾಭಕ್ಕಾಗಿ ಮುಚ್ಚಿಡುವುದು ಮೂರನೆಯ ಬಗೆ. 1998ರ ‘ದಿ ಟ್ರೂಮನ್ ಶೋ’ ಎಂಬ ಅಮೆರಿಕದ ಚಿತ್ರದಲ್ಲಿ ಒಬ್ಬ ಮನುಷ್ಯನ ಇಡೀ ಬದುಕನ್ನು, ಅವನಿಗೆ ತಿಳಿಯದಂತೆ, ಟಿವಿಯಲ್ಲಿ ನೇರಪ್ರಸಾರ ಮಾಡುತ್ತಿರುತ್ತಾರೆ. ಅವನ ಊರು ಒಂದು ಸೆಟ್. ಹೆಂಡತಿ, ಗೆಳೆಯ, ನೆರೆಯವರು ಎಲ್ಲರೂ ಸಂಬಳದ ನಟರು.

ಗುಟ್ಟು ನಿಲ್ಲುವುದು ಹೇಗೆ

ಸುಮ್ಮನಿದ್ದ ಮಾತ್ರಕ್ಕೆ ದೊಡ್ಡ ಗುಟ್ಟು ನಿಲ್ಲುವುದಿಲ್ಲ. ಖಾಲಿಯಾದ ಜಾಗವನ್ನು ಬೇರೆ ಏನಾದರೂ ತುಂಬಬೇಕು. ಮಗು ಪ್ರಶ್ನೆ ಕೇಳುವ ಮೊದಲೇ ಅದರ ಕೈಯಲ್ಲಿ ಒಂದು ಉತ್ತರ ಇರಬೇಕು.

ಟ್ರೂಮನ್‌ಗೆ ಕೊಟ್ಟದ್ದು ಭಯ. ಅವನು ದ್ವೀಪದಂಥ ಆ ಊರನ್ನು ಬಿಟ್ಟು ಹೋಗದಿರಲೆಂದು, ಚಿಕ್ಕಂದಿನಲ್ಲೇ ಅವನ ತಂದೆ ಸಮುದ್ರದಲ್ಲಿ ಮುಳುಗಿ ಸತ್ತಂತೆ ನಾಟಕ ಮಾಡುತ್ತಾರೆ. ಆಮೇಲೆ ಅವನಿಗೆ ನೀರೆಂದರೆ ನಡುಕ. ಕಾವಲುಗಾರರ ಅಗತ್ಯವೇ ಇಲ್ಲ.

ಕರ್ಣನಿಗೆ ಸಿಕ್ಕಿದ್ದು ನಿಜವಾದ ತಾಯಿತನ. ಅವನ ಕಥೆ ಎಲ್ಲಕ್ಕಿಂತ ಆಳವಾಗಿರುವುದು ಇಲ್ಲಿ. ವ್ಯಾಸರ ಉದ್ಯೋಗಪರ್ವದಲ್ಲಿ ಕರ್ಣನೇ ಹೇಳುವಂತೆ, ಅವನನ್ನು ಕಂಡ ಪ್ರೀತಿಗೆ ರಾಧೆಯ ಎದೆಯಲ್ಲಿ ಹಾಲು ಸುರಿಯಿತು. ಅವನ ಮಲಮೂತ್ರ ಬಳಿದವಳು ಅವಳು. ಜಾತಕರ್ಮ ಮಾಡಿಸಿದವನು, ಹೆಸರಿಟ್ಟವನು, ಮದುವೆ ಮಾಡಿಸಿದವನು ಅಧಿರಥ. ಈ ಪ್ರೀತಿಯಲ್ಲಿ ಸುಳ್ಳು ಒಂದಿಷ್ಟೂ ಇಲ್ಲ. ಆದ್ದರಿಂದ ಸತ್ಯ ಹೊರಬಿದ್ದಾಗ ‘ಇಷ್ಟು ದಿನದ್ದು ಸುಳ್ಳು, ಇನ್ನು ಮುಂದಿನದು ನಿಜ’ ಎಂದು ಎದ್ದು ಹೋಗಲು ಕರ್ಣನಿಗೆ ಆಗುವುದಿಲ್ಲ. ಟ್ರೂಮನ್‌ಗೆ ಆಗುತ್ತದೆ.

ಗುಟ್ಟಿಗೆ ಬೀಗ ಹಾಕುವ ಕೆಲಸವನ್ನು ಹೆಸರೂ ಮಾಡುತ್ತದೆ. ರಾಧೇಯ, ಸೂತಪುತ್ರ ಎಂದು ನೂರು ಬಾಯಿ ನೂರು ಸಲ ಕರೆದರೆ ಅದೇ ಮೈಗೆ ಅಂಟಿಕೊಳ್ಳುತ್ತದೆ.

ಮೂವರು ಕವಿಗಳು, ಮೂರು ಬಗೆಯ ಕತ್ತಲು

ಹಿಂದೆ ಹೇಳಿದ ಅಚ್ಚರಿ ಇದು. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಗುಟ್ಟು ಹೇಳುವ ಸನ್ನಿವೇಶ ವ್ಯಾಸ, ಪಂಪ, ಕುಮಾರವ್ಯಾಸರ ಮೂರೂ ಭಾರತಗಳಲ್ಲಿದೆ. ಆದರೆ ಯಾರಿಗೆ ಏನು ಗೊತ್ತಿತ್ತು ಎಂಬುದನ್ನು ಮೂವರೂ ಬೇರೆ ಬೇರೆಯಾಗಿ ಹಂಚಿದ್ದಾರೆ.

ವ್ಯಾಸರ ಕರ್ಣ ಕೃಷ್ಣನ ಮಾತು ಕೇಳಿ ಬೆಚ್ಚುವುದೇ ಇಲ್ಲ. ಇದೆಲ್ಲ ನನಗೆ ಗೊತ್ತು, ಧರ್ಮದ ಪ್ರಕಾರ ನಾನು ಪಾಂಡುವಿನ ಮಗ, ಕನ್ಯೆಯಾಗಿದ್ದವಳು ಸೂರ್ಯನಿಂದ ನನ್ನನ್ನು ಪಡೆದು ತೊರೆದಳು ಎನ್ನುತ್ತಾನೆ. ಯಾವಾಗ ತಿಳಿಯಿತು, ಯಾರು ಹೇಳಿದರು ಎಂಬುದನ್ನು ಆ ಸಂವಾದದಲ್ಲಿ ಅವನು ಹೇಳುವುದಿಲ್ಲ. ಎಷ್ಟು ದಿನದಿಂದ ಒಬ್ಬನೇ ಇದನ್ನು ಹೊತ್ತು ತಿರುಗುತ್ತಿದ್ದನೋ ಎಂದು ಓದುಗ ಊಹಿಸಿಕೊಳ್ಳಬೇಕು.

ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ಇನ್ನೊಂದು ತಿರುವು ಕೊಡುತ್ತಾನೆ. ಇವನ ಕೃಷ್ಣ, ಭೇದ ಹುಟ್ಟಿಸಲು ಹೇಳಿದನೆನ್ನಬೇಡ ಎಂದೇ ಮಾತು ಆರಂಭಿಸಿ, ದುರ್ಯೋಧನನಿಗೂ ಇದು ಗೊತ್ತು ಎನ್ನುತ್ತಾನೆ. ಬೇಟೆಗೆ ಹೋದಾಗ ಸತ್ಯಂತಪ ಎಂಬ ಋಷಿ ದುರ್ಯೋಧನನಿಗಿಂತ ಮೊದಲು ಕರ್ಣನಿಗೆ ಗೌರವ ತೋರಿದ, ಕೆರಳಿದ ದುರ್ಯೋಧನ ಕರ್ಣನನ್ನು ಏನೋ ನೆಪ ಹೇಳಿ ಆಚೆ ಕಳುಹಿಸಿ ಕಾರಣ ಕೇಳಿ ತಿಳಿದುಕೊಂಡ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಲು ನಿನ್ನನ್ನು ಸಾಕಿಕೊಂಡ ಎಂಬುದು ಕೃಷ್ಣನ ಮಾತು. ಈ ಒಂದು ಸೇರ್ಪಡೆಯಿಂದ ಕರ್ಣನಿಗೆ ಉಳಿದಿದ್ದ ಒಂದೇ ಒಂದು ನಂಬಿಕೆಯ ನೆಲವೂ ಅಲುಗಾಡುತ್ತದೆ. ಅಷ್ಟಾದರೂ ಅವನು ಒಡೆಯನನ್ನು ಬಿಡುವುದಿಲ್ಲ. ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು, ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡ ಪಂಪನೇ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಗದುಗಿನ ಕುಮಾರವ್ಯಾಸನ ಕರ್ಣನಿಗೆ ಮಾತ್ರ ಅಂದಿನವರೆಗೂ ಏನೂ ಗೊತ್ತಿಲ್ಲ. ಪದ್ಯ ಆರಂಭವಾಗುವ ಬಗೆಯನ್ನು ನಿಧಾನವಾಗಿ ನೋಡಬೇಕು: ‘ಇನತನೂಜನ ಕೂಡೆ ಮೈದುನತನದ ಸರಸವನೆಸಗಿ’. ಇನ ಎಂದರೆ ಸೂರ್ಯ, ತನೂಜ ಎಂದರೆ ಮಗ. ಕರ್ಣ ತನ್ನನ್ನು ಸೂತನ ಮಗನೆಂದು ತಿಳಿದಿರುವ ಹೊತ್ತಿನಲ್ಲೇ ಕವಿ ಅವನನ್ನು ಅವನ ನಿಜವಾದ ಹೆಸರಿನಿಂದ ಕರೆದುಬಿಟ್ಟಿದ್ದಾನೆ. ಆ ಕರೆ ನಮಗೆ ಕೇಳಿಸುತ್ತದೆ, ಕರ್ಣನಿಗೆ ಕೇಳಿಸುವುದಿಲ್ಲ.

ಮುಂದಿನ ಪದ ‘ಮೈದುನತನದ ಸರಸ’. ಕುಂತಿ ವಸುದೇವನ ಸೋದರಿ. ಎಂದರೆ ಕೃಷ್ಣನಿಗೆ ಸೋದರತ್ತೆ. ಸೋದರತ್ತೆಯ ಮಗನೊಡನೆ ತಮಾಷೆ ಮಾಡುವ ಸಲುಗೆ ನಮ್ಮ ಮನೆಗಳಲ್ಲಿ ಹುಟ್ಟಿನಿಂದಲೇ ಬರುತ್ತದೆ. ಮದುವೆಮನೆಗಳಲ್ಲಿ ಭಾವಮೈದುನರ ಕೀಟಲೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೃಷ್ಣ ಆ ಸಲುಗೆಯನ್ನು ತೋರಿಸುವ ಮೂಲಕ ಬಾಯಿಬಿಡುವ ಮೊದಲೇ ಗುಟ್ಟು ಹೇಳಿಬಿಟ್ಟಿದ್ದಾನೆ. ಕರ್ಣನಿಗೆ ಕಾಣುವುದು ದೊಡ್ಡವನೊಬ್ಬನ ವಿಚಿತ್ರ ಸೌಜನ್ಯ. ನಿಮ್ಮ ಸಮಕ್ಕೆ ಕೂರುವುದೇ, ಅಂಜುತ್ತೇನೆ ಎಂದು ಹಿಂಜರಿಯುತ್ತಾನೆ. ಕೃಷ್ಣ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿದು ಕೂರುತ್ತಾನೆ. ಸ್ವಂತ ಬಂಧುವಿನ ಪಕ್ಕ ಕೂರಲು ಒಬ್ಬ ಮನುಷ್ಯ ಅಂಜುತ್ತಿದ್ದಾನೆ. ಮುಚ್ಚಿಟ್ಟ ಸತ್ಯ ಒಬ್ಬನನ್ನು ಏನು ಮಾಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಸತ್ಯ ತಿಳಿದ ಮೇಲೆ ಕುಮಾರವ್ಯಾಸನ ಕರ್ಣ ಹಿಗ್ಗುವುದಿಲ್ಲ. ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ಉಕ್ಕುತ್ತದೆ. ಮೊದಲು ನೆನಪಾಗುವುದು ದುರ್ಯೋಧನ: ‘ಅಕಟಾ ಕುರುಪತಿಗೆ ಕೇಡಾದುದು’. ಆಮೇಲೆ ಬರುತ್ತದೆ ಆ ಮಾತು: ‘ತನ್ನ ವಂಶವನರುಹಿ ಕೊಂದನು’. ಕುಲ ಯಾವುದೆಂದು ಕೇಳಿದಾಗ ತಲೆ ತಗ್ಗಿಸಿದ್ದವನಿಗೆ ಕುಲ ತಿಳಿಯಿತು, ಅದೇ ಅವನಿಗೆ ಸಾವಾಯಿತು.

ಹೊತ್ತು ಏಕೆ ಅಷ್ಟು ಮುಖ್ಯ

ಒಂದು ಮದುವೆಯ ಮಾತುಕತೆಯನ್ನು ಊಹಿಸಿಕೊಳ್ಳಿ. ಹುಡುಗನಿಗೆ ದೊಡ್ಡ ಸಾಲವಿದೆ ಎಂಬ ಸುದ್ದಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲೇ ತಿಳಿದರೆ ಅದು ಒಂದು ಮಾಹಿತಿ. ಕೂತು ಯೋಚಿಸಬಹುದು, ಬೇಡ ಎನ್ನಬಹುದು, ಇರಲಿ ಎಂದೂ ಒಪ್ಪಬಹುದು. ಲಗ್ನಪತ್ರಿಕೆ ಹಂಚಿ, ಛತ್ರಕ್ಕೆ ಮುಂಗಡ ಕೊಟ್ಟು, ನೆಂಟರು ಬಂದಿಳಿದ 2 ದಿನಕ್ಕೆ ಅದೇ ಸುದ್ದಿ ತಿಳಿದರೆ? ಸುದ್ದಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆಯ್ಕೆಗಳೆಲ್ಲ ಕೈಬಿಟ್ಟುಹೋಗಿರುತ್ತವೆ.

ಶಸ್ತ್ರಪ್ರದರ್ಶನದ ದಿನ ತಿಳಿದಿದ್ದರೆ ಕರ್ಣನ ಮುಂದೆ ಒಂದು ಬದುಕು ಇತ್ತು. ಸಂಧಾನ ಮುರಿದ ಮೇಲೆ ತಿಳಿದಾಗ ಉಪ್ಪಿನ ಋಣ, ಕೊಟ್ಟ ಮಾತು, ರಾಧೆಯ ಹಾಲು ಎಲ್ಲವೂ ಒಂದು ಕಡೆಗೆ ಕಟ್ಟಿಹಾಕಿದ್ದವು. ಕೃಷ್ಣ ಹೇಳಿದ್ದು ಸತ್ಯವೇ. ಆದರೆ ಹೇಳಲು ಆರಿಸಿಕೊಂಡ ಗಳಿಗೆಯಲ್ಲಿ ಆ ಸತ್ಯ ಒಂದು ಅಸ್ತ್ರವಾಗಿತ್ತು. ಕುಂತಿ ಗಂಗೆಯ ದಡಕ್ಕೆ ಬಂದದ್ದೂ ಅದೇ ದಿನಗಳಲ್ಲಿ. ಕರ್ಣನ ಜಪ ಮುಗಿಯುವವರೆಗೆ ಬಿಸಿಲಿಗೆ ಬಾಡಿ, ಅವನ ಉತ್ತರೀಯದ ನೆರಳಿನಲ್ಲಿ ನಿಂತು ಕಾದಳು. ಮಗನ ಬಟ್ಟೆಯ ನೆರಳು ಅವಳಿಗೆ ಸಿಕ್ಕಿತು, ಮಗ ಸಿಗಲಿಲ್ಲ. ಅರ್ಜುನನೋ ನಾನೋ, ನಿನಗೆ ಐವರು ಮಕ್ಕಳಂತೂ ಉಳಿಯುತ್ತಾರೆ ಎಂಬ ಮಾತು ಪಡೆದು ಹಿಂದಿರುಗಿದಳು.

ಕತ್ತಲಲ್ಲಿದ್ದವನೇ ಕತ್ತಲಲ್ಲಿಟ್ಟದ್ದು

ಶಾಲೆಯ ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಭಾಗ ಇದೆ. ವ್ಯಾಸರ ಕರ್ಣ ರಥದಿಂದ ಇಳಿಯುವ ಮೊದಲು ಕೃಷ್ಣನಲ್ಲಿ ಒಂದು ಬೇಡಿಕೆ ಇಡುತ್ತಾನೆ. ಈ ಮಾತು ನಮ್ಮಲ್ಲೇ ಇರಲಿ. ನಾನು ಹಿರಿಯನೆಂದು ಯುಧಿಷ್ಠಿರನಿಗೆ ತಿಳಿದರೆ ಅವನು ರಾಜ್ಯವನ್ನು ಮುಟ್ಟುವುದಿಲ್ಲ, ನನಗೆ ಕೊಡುತ್ತಾನೆ. ನನ್ನ ಕೈಗೆ ಬಂದರೆ ನಾನು ದುರ್ಯೋಧನನಿಗೇ ಕೊಡಬೇಕಾಗುತ್ತದೆ. ಆದ್ದರಿಂದ ಅವನಿಗೆ ಹೇಳಬೇಡ.

ಬದುಕಿನ ಉದ್ದಕ್ಕೂ ಇತರರ ಮೌನದಿಂದ ನೊಂದವನು ಈಗ ತಾನೇ ಮೌನವನ್ನು ಕೇಳುತ್ತಿದ್ದಾನೆ. ತಮ್ಮನ ಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲ! ಅವನು ಒಳ್ಳೆಯವನೆಂದು ಗೊತ್ತಿರುವುದರಿಂದಲೇ ಅವನನ್ನು ಕತ್ತಲಲ್ಲಿ ಇಡಬೇಕಾಗಿದೆ. ಇಲ್ಲಿಂದ ಮುಂದೆ ಕಥೆಯಲ್ಲಿ ಕಣ್ಣು ಕಟ್ಟಿಸಿಕೊಂಡವರು ಪಾಂಡವರು. ಕುರುಕ್ಷೇತ್ರದಲ್ಲಿ ಕರ್ಣ ಭೀಮನನ್ನೂ ನಕುಲ ಸಹದೇವರನ್ನೂ ಧರ್ಮರಾಯನನ್ನೂ ಸೋಲಿಸಿ ಕೊಲ್ಲದೆ ಬಿಡುವಾಗ, ಏಕೆ ಬಿಟ್ಟನೆಂದು ನಮಗೆ ತಿಳಿಯುತ್ತದೆ, ಅವರಿಗೆ ತಿಳಿಯುವುದಿಲ್ಲ.

ಅವರಿಗೆ ತಿಳಿಯುವುದು ಸತ್ತವರಿಗೆಲ್ಲ ಗಂಗೆಯಲ್ಲಿ ತರ್ಪಣ ಕೊಡುವ ದಿನ. ಎಲ್ಲರ ಹೆಸರಿಗೂ ನೀರು ಬಿಡುತ್ತಿದ್ದಾರೆ. ಕುಂತಿ ಇಷ್ಟು ವರ್ಷ ತಡೆದಿದ್ದನ್ನು ಅಂದು ತಡೆಯಲಾರದೆ ಅಳುತ್ತ ಹೇಳುತ್ತಾಳೆ: ನೀವು ಸೂತನ ಮಗನೆಂದು, ರಾಧೇಯನೆಂದು ತಿಳಿದಿದ್ದಿರಲ್ಲ, ಅರ್ಜುನ ಕೊಂದನಲ್ಲ, ಅವನು ನಿಮ್ಮ ಹಿರಿಯಣ್ಣ, ಅವನಿಗೂ ನೀರು ಬಿಡಿ.

ಧರ್ಮರಾಯನ ಬಾಯಿಂದ ಬಂದ ಮಾತು ಇದು: ಬೆಂಕಿಯನ್ನು ಬಟ್ಟೆಯಲ್ಲಿ ಮುಚ್ಚಿಡುವಂತೆ ಅವನನ್ನು ಹೇಗೆ ಮುಚ್ಚಿಟ್ಟೆಯಮ್ಮಾ? ಅಭಿಮನ್ಯು ಸತ್ತಾಗ, ದ್ರೌಪದಿಯ ಮಕ್ಕಳು ಸತ್ತಾಗ ಆದದ್ದಕ್ಕಿಂತ ನೂರು ಪಾಲು ದುಃಖ ಈಗ ಆಗುತ್ತಿದೆ ಎನ್ನುತ್ತಾನೆ. ಮುಂದೆ ಶಾಂತಿಪರ್ವದಲ್ಲಿ ಆ ಸಂಕಟದಲ್ಲೇ, ಹೆಂಗಸರಲ್ಲಿ ಇನ್ನು ಗುಟ್ಟು ನಿಲ್ಲದಿರಲಿ ಎಂದು ಶಪಿಸುತ್ತಾನೆ. ನಮ್ಮ ಮನೆಗಳಲ್ಲಿ ಇಂದಿಗೂ ಆಡುವ ಮಾತಿಗೆ ಬೇರು ಈ ಶಾಪದಲ್ಲಿದೆ. ಅದು ನ್ಯಾಯವಾದ ಶಾಪ ಎಂದು ನನಗೆ ಎಂದೂ ಅನ್ನಿಸಿಲ್ಲ. ಗುಟ್ಟನ್ನು ಕಾಪಾಡಿದವರಲ್ಲಿ ಕೃಷ್ಣನಿದ್ದ, ಭೀಷ್ಮರಿದ್ದರು, ವ್ಯಾಸರಿದ್ದರು, ಕೊನೆಗೆ ಕರ್ಣನೂ ಇದ್ದ. ಶಾಪ ತಗುಲಿದ್ದು ಹೆಂಗಸರಿಗೆ. ಆದರೆ ಶಪಿಸಿದವನ ಎದೆಯಲ್ಲಿ ಅಂದು ಎಂಥ ಉರಿ ಇತ್ತೆಂಬುದನ್ನೂ ಮರೆಯಲಾಗುವುದಿಲ್ಲ. ಜೂಜಿನ ಸಭೆಯಲ್ಲಿ ಆ ಪಾದಗಳನ್ನು ಕಂಡು ಸಿಟ್ಟು ಇಳಿದಿತ್ತಲ್ಲ, ಕಾರಣ ಹುಡುಕಿ ಸೋತಿದ್ದನಲ್ಲ, ಆ ಕಾರಣ ಈಗ ಸಿಕ್ಕಿತ್ತು.

ಅವನು ಕರ್ಣನ ಮನೆಯ ಹೆಂಗಸರನ್ನು ಗೌರವದಿಂದ ಕರೆಸಿಕೊಂಡ. ಅವರನ್ನು ಜೊತೆಗಿಟ್ಟುಕೊಂಡು, ಅಣ್ಣನಿಗೆ ತಮ್ಮ ಬಿಡಬೇಕಾದ ನೀರನ್ನು ಗಂಗೆಯಲ್ಲಿ ನಿಂತು ಬಿಟ್ಟ.